ಉಂಗುರವನ್ನು ಯಾರು ಎಷ್ಟು ಬಲ್ಲರು: ಓದುಗ ಬಳಗಗಳಿಗೆ ಒಂದು ಬಹಿರಂಗ ಪತ್ರ

ಜೆ.ಆರ್.ಆರ್. ಟೋಲ್ಕಿನ್ ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಮಹಾಕಥನವನ್ನು ಓದಿ, ಅದರ ಚಲನಚಿತ್ರಗಳನ್ನು ನೋಡಿ, ಅದರ ಪಾತ್ರಗಳ ಸರಿತಪ್ಪುಗಳನ್ನು ಚರ್ಚಿಸುತ್ತಿರುವ ಎಲ್ಲ ಕನ್ನಡ ಓದುಗ ಬಳಗಗಳಿಗೆ,



ಈ ಕಥನದ ಚರ್ಚೆ ಎಲ್ಲಿ ನಡೆದರೂ ಕೆಲವು ಆಕ್ಷೇಪಗಳು ತಪ್ಪದೆ ಕೇಳಿಬರುತ್ತವೆ. ತನ್ನ ಗೆಳೆಯನ ಜೇಬಿನಲ್ಲಿರುವ ಉಂಗುರ ಯಾವುದೆಂದು ತಿಳಿಯಲು ಗ್ಯಾಂಡಾಲ್ಫನಂಥ ಜ್ಞಾನಿಗೆ ಹದಿನೇಳು ವರ್ಷ ಏಕೆ ಹಿಡಿಯಿತು, ಕೈಗೆ ಸಿಕ್ಕ ಅಷ್ಟು ದೊಡ್ಡ ಆಯುಧವನ್ನು ಶತ್ರುವಿನ ಮೇಲೆಯೇ ತಿರುಗಿಸದೆ ಅದನ್ನು ನಾಶಮಾಡಲು ಹೊರಟದ್ದು ಮೂರ್ಖತನವಲ್ಲವೇ, ಉಂಗುರವನ್ನು ಹೊತ್ತೊಯ್ದ ಫ್ರೋಡೊ ಕೊನೆಯ ಗಳಿಗೆಯಲ್ಲಿ ಸೋತದ್ದರಿಂದ ಅವನನ್ನು ನಾಯಕನೆನ್ನುವುದು ಹೇಗೆ ಎಂಬ ಈ ಮಾತುಗಳನ್ನು ಕಥೆಯನ್ನು ಪ್ರೀತಿಯಿಂದ ಓದಿದವರೂ ಆಡುತ್ತಾರೆ. ಇವೆಲ್ಲವೂ ಒಂದೇ ಮೂಲದಿಂದ ಹುಟ್ಟಿದವು ಎಂಬುದು ಈ ಪತ್ರದ ವಾದ. ಉಂಗುರದ ಬಗ್ಗೆ ಓದುಗನಿಗೆ ಗೊತ್ತಿರುವುದೆಲ್ಲ ಪಾತ್ರಗಳಿಗೂ ಗೊತ್ತಿತ್ತು ಎಂದು ಭಾವಿಸುವುದರಿಂದ ಈ ಆಕ್ಷೇಪಗಳು ಹುಟ್ಟುತ್ತವೆ. ಆದರೆ ಪ್ರತಿಯೊಬ್ಬರ ಅರಿವಿಗೂ ಬೇರೆ ಬೇರೆ ಎಲ್ಲೆಗಳನ್ನು ಹಾಕಿ, ಆ ಎಲ್ಲೆಯೊಳಗೆ ಅವರವರು ಮಾಡುವ ಆಯ್ಕೆಗಳಿಂದಲೇ ಟೋಲ್ಕಿನ್ ಇಡೀ ಕಥನವನ್ನು ಕಟ್ಟಿದ್ದಾರೆ. ಕರ್ಣನ ಜನ್ಮರಹಸ್ಯ ಕೃಷ್ಣನಿಗೂ ಕುಂತಿಗೂ ಗೊತ್ತು, ಧರ್ಮರಾಯನಿಗೆ ಗೊತ್ತಿಲ್ಲ ಎಂಬುದನ್ನು ಒಂದು ಗಳಿಗೆಯೂ ಮರೆಯದೆ ಗಮಕದಲ್ಲಿ ಕುಮಾರವ್ಯಾಸನನ್ನು ಕೇಳಿ ಬೆಳೆದ ನಾಡಿನ ಓದುಗರಿಗೆ ಇಂಥ ಓದು ಹೊಸದೇನಲ್ಲ.

ಪಾತ್ರಗಳ ಅರಿವಿನ ಈ ಎಲ್ಲೆಗಳನ್ನು ನಾವು ಮರೆಯುವುದಕ್ಕೆ ಚಲನಚಿತ್ರಗಳೂ ಒಂದಿಷ್ಟು ಕಾರಣ. ಪೀಟರ್ ಜಾಕ್ಸನ್ ನಿರ್ದೇಶನದ ಮೂರು ಚಿತ್ರಗಳಲ್ಲಿ ಮೊದಲನೆಯದು 2001ರಲ್ಲಿ ತೆರೆಕಂಡಿತು; ಅದರ ಆರಂಭದ ಕೆಲವೇ ನಿಮಿಷಗಳಲ್ಲಿ ಉಂಗುರದ ಹುಟ್ಟು, ಯುದ್ಧ, ಅದು ಕಳೆದುಹೋದದ್ದು, ಮತ್ತೆ ಸಿಕ್ಕಿದ್ದು ಎಲ್ಲವನ್ನೂ ಒಂದು ಧ್ವನಿ ನಿರೂಪಿಸಿಬಿಡುತ್ತದೆ. ಸಿನಿಮಾಕ್ಕೆ ಅದು ಅಗತ್ಯವಿತ್ತು, ಸೊಗಸಾಗಿಯೂ ಬಂದಿದೆ. ಆದರೆ 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಕೃತಿಯಲ್ಲಿ ಈ ಚರಿತ್ರೆ ಒಮ್ಮೆಗೇ ಎಲ್ಲಿಯೂ ಸಿಗುವುದಿಲ್ಲ. ಅದರ ಒಂದು ಪಾಲು ಎರಡನೆಯ ಅಧ್ಯಾಯದಲ್ಲಿ ಗ್ಯಾಂಡಾಲ್ಫನ ಬಾಯಲ್ಲಿ ಬರುತ್ತದೆ, ಇನ್ನೊಂದು ಪಾಲು ರಿವೆಂಡೆಲ್‌ನಲ್ಲಿ ಅಲ್ಲಿನ ಒಡೆಯ ಎಲ್ರಾಂಡ್ ಕರೆದ ಸಭೆಯಲ್ಲಿ, ಬೇರೆ ಬೇರೆ ನಾಡುಗಳಿಂದ ಬಂದವರು ತಮ್ಮ ತಮ್ಮ ತುಣುಕುಗಳನ್ನು ಮುಂದಿಟ್ಟಾಗ ಕೂಡಿಕೊಳ್ಳುತ್ತದೆ, ಉಳಿದದ್ದು ಅನುಬಂಧಗಳಲ್ಲಿದೆ. ಆ ಸಭೆಗೆ ಮೊದಲು ಪೂರ್ಣ ಚಿತ್ರವನ್ನು ಕಂಡವರು ಸಜ್ಜನರ ಪಾಳೆಯದಲ್ಲಿ ಒಬ್ಬರೂ ಇರಲಿಲ್ಲ.

ಆ ಚಿತ್ರದ ಮೂಲ ಇಷ್ಟು: ಎರಡನೆಯ ಯುಗ ಎಂದು ಕಥನ ಕರೆಯುವ ಕಾಲದಲ್ಲಿ, ಎರೆಗಿಯಾನ್ ನಾಡಿನ ಎಲ್ಫ್ ಅಕ್ಕಸಾಲಿಗರು (ಎಲ್ಫರೆಂದರೆ ಮುಪ್ಪು ಮುಟ್ಟದ, ಲೋಕ ಇರುವವರೆಗೂ ಬಾಳುವ ಕುಲದವರು) ಕೆಲೆಬ್ರಿಂಬಾರನ ಮುಂದಾಳತ್ವದಲ್ಲಿ ಶಕ್ತಿಯುಂಗುರಗಳನ್ನು ಮಾಡಿದರು. ಅವರಿಗೆ ವಿದ್ಯೆ ಕಲಿಸಿಕೊಟ್ಟವನು ಸುಂದರ ರೂಪ ತೊಟ್ಟು ಬಂದ ಸೌರಾನ್ ಎಂಬ ದುಷ್ಟಶಕ್ತಿ. ಆ ಉಂಗುರಗಳನ್ನೂ ಅವುಗಳನ್ನು ತೊಟ್ಟವರನ್ನೂ ಆಳುವುದಕ್ಕಾಗಿ ಅವನು ಮಾರ್ಡಾರ್ ನಾಡಿನ ಬೆಂಕಿಬೆಟ್ಟದಲ್ಲಿ ಗುಟ್ಟಾಗಿ ಮತ್ತೊಂದನ್ನು ಮಾಡಿ, ತನ್ನ ಶಕ್ತಿಯ ದೊಡ್ಡ ಪಾಲನ್ನು ಅದರೊಳಗೆ ಇಳಿಸಿದ. ಆ ಕಾರಣದಿಂದಲೇ ಅದು ಇರುವವರೆಗೆ ಅವನು ಪೂರ್ತಿಯಾಗಿ ಅಳಿಯುವುದಿಲ್ಲ, ಅದು ಅಳಿದರೆ ಅವನು ಮತ್ತೆ ಏಳುವಂತಿಲ್ಲ. ತೊಟ್ಟವನಿಗೆ ಅದು ಅವನವನ ಯೋಗ್ಯತೆಗೆ ತಕ್ಕಷ್ಟೇ ಬಲ ಕೊಡುತ್ತದೆ. ಹಾಬಿಟ್ ಎಂಬ ಕುಳ್ಳ ಜನರ ಕೈಯಲ್ಲಿ ಅದು ಬರಿಯ ಮಾಯವಾಗುವ ಉಂಗುರದಂತೆ ಕಂಡದ್ದಕ್ಕೆ ಅವರ ಅಲ್ಪ ಆಸೆಗಳೇ ಕಾರಣ.

ಇಲ್ಲಿ ಓದುಗರು ಗಮನಿಸಬೇಕಾದ ಒಂದು ಸಂಗತಿ ಇದೆ: ಈ ಉಂಗುರ ಏನೆಂಬುದು ಮೊದಲು ಲೇಖಕರಿಗೇ ಗೊತ್ತಿರಲಿಲ್ಲ. 1937ರಲ್ಲಿ ಪ್ರಕಟವಾದ 'ದಿ ಹಾಬಿಟ್' ಮಕ್ಕಳ ಕಥೆಯಲ್ಲಿ ಬಿಲ್ಬೊ ಬ್ಯಾಗಿನ್ಸ್‌ಗೆ ಕತ್ತಲ ಗುಹೆಯಲ್ಲಿ ಸಿಗುವ ಉಂಗುರ ಒಂದು ಅನುಕೂಲದ ವಸ್ತುವಷ್ಟೇ. ಅದನ್ನು ಕಳೆದುಕೊಂಡ, ಆ ಗುಹೆಯಲ್ಲೇ ವಾಸಿಸುವ ಗೊಲ್ಲಮ್, ಒಗಟಿನ ಪಂದ್ಯದಲ್ಲಿ ಸೋತಾಗ ಅದನ್ನೇ ಬಹುಮಾನವಾಗಿ ಕೊಡಲು ಸಿದ್ಧನಿದ್ದ. ಮುಂದಿನ ಮಹಾಕಥನವನ್ನು ಬರೆಯುತ್ತ ಉಂಗುರದ ಭೀಕರತೆ ಬೆಳೆದಂತೆ, ಅದನ್ನು ಹೊಂದಿದವನು ತಾನಾಗಿ ಬಿಟ್ಟುಕೊಡಲಾರ ಎಂಬುದು ಸ್ಪಷ್ಟವಾದಂತೆ, ಹಳೆಯ ಅಧ್ಯಾಯ ಸುಳ್ಳಾಗತೊಡಗಿತು. 1951ರ ಎರಡನೆಯ ಆವೃತ್ತಿಯಲ್ಲಿ ಟೋಲ್ಕಿನ್ ಆ ಅಧ್ಯಾಯವನ್ನು ತಿದ್ದಿ ಬರೆದರು. ಹಳೆಯ ಪಾಠವನ್ನೂ ಅವರು ಎಸೆಯಲಿಲ್ಲ. ಅದು ಬಿಲ್ಬೊ ತನ್ನ ಜೊತೆಗಾರರಿಗೆ ಹೇಳಿ ದಿನಚರಿಯಲ್ಲಿ ಬರೆದಿಟ್ಟ ಸುಳ್ಳು ಎಂದು ಕಥೆಯೊಳಗೇ ಸೇರಿಸಿಕೊಂಡರು. ತಿದ್ದುಪಡಿಯ ಅನಿವಾರ್ಯತೆಯೊಂದು ಇಷ್ಟು ಅರ್ಥಪೂರ್ಣವಾಗಿ ಕಥೆಯ ನರವಾಗಿಬಿಟ್ಟ ಉದಾಹರಣೆಗಳು ಸಾಹಿತ್ಯದಲ್ಲಿ ವಿರಳ. ಏಕೆಂದರೆ ಗ್ಯಾಂಡಾಲ್ಫನ ಅನುಮಾನದ ಮೊದಲ ಎಳೆ ಈ ಸುಳ್ಳೇ. ಪ್ರಾಮಾಣಿಕನೆಂದು ಹೆಸರಾದ ಬಿಲ್ಬೊ ಉಂಗುರ ತನ್ನದೇ ಎಂದು ಸಾಧಿಸಲು ಬಹುಮಾನದ ಕಥೆ ಕಟ್ಟುತ್ತಾನೆ. ಅತ್ತ ಗೊಲ್ಲಮ್ ಅದನ್ನು ಹುಟ್ಟುಹಬ್ಬದ ಉಡುಗೊರೆ ಎನ್ನುತ್ತಾನೆ, ನಿಜದಲ್ಲಿ ಅದಕ್ಕಾಗಿ ಗೆಳೆಯ ಡೀಗಲ್‌ನ ಕತ್ತು ಹಿಸುಕಿರುತ್ತಾನೆ. ಒಬ್ಬರನ್ನೊಬ್ಬರು ಹೆಚ್ಚು ಅರಿಯದ ಇಬ್ಬರು ಒಂದೇ ಬಗೆಯ ಸುಳ್ಳು ಹೇಳುವಂತೆ ಮಾಡುವ ವಸ್ತು ಸಾಮಾನ್ಯದ್ದಲ್ಲ ಎಂಬುದು ಗ್ಯಾಂಡಾಲ್ಫನ ತರ್ಕ.

ಈಗ ಆ ಹದಿನೇಳು ವರ್ಷಗಳ ಮಾತು. ಮೂರನೆಯ ಯುಗದ 3001ರಲ್ಲಿ ಬಿಲ್ಬೊ ತನ್ನ ನೂರ ಹನ್ನೊಂದನೆಯ ಹುಟ್ಟುಹಬ್ಬದಂದು ಉಂಗುರವನ್ನು ಫ್ರೋಡೊಗೆ ಬಿಟ್ಟು ಊರು ತೊರೆಯುತ್ತಾನೆ. 3018ರ ಏಪ್ರಿಲ್‌ನಲ್ಲಿ ಗ್ಯಾಂಡಾಲ್ಫ್ ಮರಳಿ ಬಂದು ಅದನ್ನು ಒಲೆಯ ಬೆಂಕಿಗೆ ಹಾಕಿ ಪರೀಕ್ಷಿಸುತ್ತಾನೆ. ಸಿನಿಮಾದಲ್ಲಿ ಈ ಅವಧಿ ಕುಗ್ಗಿದೆ, ಪುಸ್ತಕದಲ್ಲಿ ಆ ವರ್ಷಗಳು ಹೇಗೆ ಕಳೆದವೆಂಬುದಕ್ಕೆ ಲೆಕ್ಕವಿದೆ. ಆರಂಭದಲ್ಲಿ ಗ್ಯಾಂಡಾಲ್ಫನಿಗೆ ಗೊತ್ತಿದ್ದದ್ದು ಇಷ್ಟು: ಉಂಗುರವನ್ನು ಅರುವತ್ತು ವರ್ಷ ಇಟ್ಟುಕೊಂಡ ಬಿಲ್ಬೊನ ಮೈಗೆ ಮುಪ್ಪು ಬಂದಿಲ್ಲ, ಅವನು ಅದನ್ನು ಕುರಿತು ಸುಳ್ಳು ಹೇಳಿದ್ದಾನೆ, ಬಿಟ್ಟುಹೋಗುವ ರಾತ್ರಿ ಗೊಲ್ಲಮ್ ಆಡುತ್ತಿದ್ದಂಥ ಮಾತನ್ನೇ ಆಡಿ ರೇಗಿದ್ದಾನೆ. ಆದರೆ ಎಲ್ಫರು ದೊಡ್ಡ ಉಂಗುರಗಳಿಗೆ ಮೊದಲು ಅಭ್ಯಾಸಕ್ಕೆಂದು ಮಾಡಿದ ಕಿರಿಯ ಉಂಗುರಗಳೂ ಲೋಕದಲ್ಲಿದ್ದವು; ಇದು ಅವುಗಳಲ್ಲೊಂದಾಗಿರಬಾರದೇಕೆ? ಎಲ್ಲಕ್ಕಿಂತ ಮಿಗಿಲಾಗಿ, ಉಂಗುರವಿದ್ಯೆಯಲ್ಲಿ ಪರಿಣತನೆಂದು ಎಲ್ಲರೂ ಒಪ್ಪಿದ್ದ, ಗ್ಯಾಂಡಾಲ್ಫನ ಸಂಘಕ್ಕೇ ಹಿರಿಯನಾದ ಸಾರುಮಾನ್, ಆ ಒಂದೇ ಉಂಗುರ ಆಂಡುಯಿನ್ ನದಿಯಲ್ಲಿ ಉರುಳಿ ಎಂದೋ ಕಡಲು ಸೇರಿತು, ಅದು ಇನ್ನು ಸಿಗುವುದಿಲ್ಲ ಎಂದು ಜ್ಞಾನಿಗಳ ಸಭೆಯಲ್ಲಿ ಭರವಸೆ ಕೊಟ್ಟಿದ್ದ. ಒಂದು ಶಾಸ್ತ್ರದಲ್ಲಿ ತನಗಿಂತ ಬಲ್ಲವನೆಂದು ಗೌರವಿಸುವ ಹಿರಿಯನ ಮಾತನ್ನು ನಂಬುವುದು ದಡ್ಡತನವಲ್ಲ; ವಿದ್ಯೆಯ ಲೋಕ ನಡೆಯುವುದೇ ಆ ನಂಬಿಕೆಯ ಮೇಲೆ, ಅದಕ್ಕೇ ಸಾರುಮಾನನ ದ್ರೋಹ ಅಷ್ಟು ಆಳವಾದದ್ದು.

ಆ ದ್ರೋಹದ ಗಂಟು ಬಿಚ್ಚಿದ ಬಗೆ ಇನ್ನೂ ಸ್ವಾರಸ್ಯದ್ದು. ಉಳಿದ ದೊಡ್ಡ ಉಂಗುರಗಳಲ್ಲಿ ಒಂದೊಂದು ಹರಳಿದೆ, ಆ ಒಂದರಲ್ಲಿ ಹರಳಿಲ್ಲ, ಆದರೆ ಬಲ್ಲವರಿಗೆ ಕಾಣುವ ಗುರುತುಗಳಿವೆ ಎಂದು ಸಾರುಮಾನ್ ಒಮ್ಮೆ ಹೇಳಿದ್ದ. ವರ್ಷಗಳ ಮೇಲೆ ಆ ಮಾತು ನೆನಪಾದಾಗ ಗ್ಯಾಂಡಾಲ್ಫನಿಗೆ ಒಂದು ಪ್ರಶ್ನೆ ಎದ್ದಿತು: ಮಾಡಿದವನನ್ನು ಬಿಟ್ಟರೆ ಉಂಗುರವನ್ನು ಕೈಯಲ್ಲಿ ಹಿಡಿದು ಬರೆದಿಡಬಲ್ಲವನು ಇಸಿಲ್ದುರ್ ಒಬ್ಬನೇ, ಹಾಗಾದರೆ ಸಾರುಮಾನ್ ಇದನ್ನು ಎಲ್ಲಿ ಓದಿದ? ಇಸಿಲ್ದುರ್ ಎಂದರೆ ಎರಡನೆಯ ಯುಗದ ಕೊನೆಯ ಯುದ್ಧದಲ್ಲಿ ಸೌರಾನನ ಬೆರಳು ಕತ್ತರಿಸಿ ಉಂಗುರ ಕಿತ್ತುಕೊಂಡ ರಾಜ. ಎಲ್ಫ್ ಮುಖಂಡರಾದ ಎಲ್ರಾಂಡ್ ಮತ್ತು ಕಿರ್ದಾನ್ ಅದನ್ನು ಅಲ್ಲೇ ಬೆಂಕಿಗೆ ಹಾಕೆಂದು ಹೇಳಿದರೂ, ಸತ್ತ ತಂದೆಗೂ ತಮ್ಮನಿಗೂ ಬದಲಾಗಿ ತನಗೆ ಸಲ್ಲಬೇಕಾದ ಪರಿಹಾರವೆಂದು ಅದನ್ನು ಇಟ್ಟುಕೊಂಡವನು. ಈ ಜಾಡು ಹಿಡಿದು 3017ರಲ್ಲಿ ಗ್ಯಾಂಡಾಲ್ಫ್ ಗಾಂಡಾರ್‌ನ ರಾಜಧಾನಿ ಮಿನಾಸ್ ತಿರಿತ್‌ಗೆ ಹೋಗಿ, ಯಾರೂ ಓದದೆ ಬಿದ್ದಿದ್ದ ದಾಖಲೆಗಳ ನಡುವೆ ಇಸಿಲ್ದುರ್‌ನ ಕೈಬರಹವನ್ನು ಹುಡುಕಿ ತೆಗೆದ. ಉಂಗುರ ಮೊದಲು ಸುಡುತ್ತಿತ್ತು, ತಣಿದಂತೆ ಅದರ ಮೇಲಿನ ಅಕ್ಷರಗಳು ಮಸುಕಾದವು ಎಂಬ ವಿವರ ಅಲ್ಲಿತ್ತು. ಬೆಂಕಿಗೆ ಹಾಕಿದರೆ ಅಕ್ಷರಗಳು ಮರಳುತ್ತವೆ ಎಂಬ ಊಹೆ ಅದರಿಂದ ಬಂತು. ಅದೇ ಹೊತ್ತಿಗೆ ಇಸಿಲ್ದುರ್ ವಂಶದ ಅರಗಾರ್ನ್ ಗೊಲ್ಲಮ್‌ನನ್ನು ಸೆರೆಹಿಡಿದಿದ್ದರಿಂದ ಉಂಗುರ ಸಿಕ್ಕ ನದಿಯ ತಾಣವೂ ತಿಳಿಯಿತು. ಇವೆರಡೂ ಕೂಡಿದ ಮೇಲೆ ಗ್ಯಾಂಡಾಲ್ಫ್ ತಡಮಾಡಲಿಲ್ಲ. ಇದನ್ನು ಆಲಸ್ಯವೆನ್ನುವವರು, ಶಾಸನ ಹುಡುಕಿ ಹಳ್ಳಿಹಳ್ಳಿ ಅಲೆದು ಒಂದು ಕಾಲನಿರ್ಣಯಕ್ಕೆ ಬರುವ ಸಂಶೋಧಕನ ದುಡಿಮೆಯನ್ನೂ ಆಲಸ್ಯವೆನ್ನಬೇಕಾಗುತ್ತದೆ.

ಸಜ್ಜನರೆನಿಸಿಕೊಂಡವರಲ್ಲಿ ಉಂಗುರವನ್ನು ಕುರಿತು ಎಲ್ಲರಿಗಿಂತ ಹೆಚ್ಚು ಓದಿದವನು ಸಾರುಮಾನ್. ಅವನೇ ಮೊದಲು ಹಾಳಾದ. ಕಡಲು ಸೇರಿತೆಂದು ಇತರರಿಗೆ ಹೇಳುತ್ತ ತಾನು ಅದೇ ನದಿಯ ದಡದಲ್ಲಿ ಗುಟ್ಟಾಗಿ ಹುಡುಕಿಸುತ್ತಿದ್ದ. ಶತ್ರುವಿನ ವಿದ್ಯೆಯನ್ನು ಶತ್ರುವನ್ನು ಸೋಲಿಸಲೆಂದು ಕಲಿಯುತ್ತ ಅದರಲ್ಲೇ ಮೋಹಗೊಂಡ. ಕೊನೆಗೆ ತನ್ನನ್ನೇ ಉಂಗುರ ಮಾಡುವವನೆಂದು ಕರೆದುಕೊಂಡು ಬೆರಳಿಗೊಂದು ಉಂಗುರ ತೊಟ್ಟ. ಉಂಗುರದ ಚರಿತ್ರೆ, ಲಕ್ಷಣ, ಬಲ ಇವೆಲ್ಲವೂ ಅವನ ಅರಿವಿನಲ್ಲಿದ್ದವು; ಅದು ಕೈಗೆ ಬಂದರೆ ತಾನು ಏನಾಗುತ್ತೇನೆ ಎಂಬುದಷ್ಟೇ ಆ ಅರಿವಿನಲ್ಲಿ ಇರಲಿಲ್ಲ. ಗ್ಯಾಂಡಾಲ್ಫನಿಗೂ ಎಲ್ಫರ ಒಡತಿ ಗಲಾಡ್ರಿಯೆಲ್‌ಗೂ ಇದ್ದದ್ದು ಆ ಒಂದು ಅರಿವು. ಫ್ರೋಡೊ ಉಂಗುರವನ್ನು ಚಾಚಿದಾಗ ಗ್ಯಾಂಡಾಲ್ಫ್ ಬೆದರಿ ಹಿಂದೆ ಸರಿಯುತ್ತಾನೆ. ತನ್ನೊಳಗಿನ ಕರುಣೆಯ ದಾರಿಯಿಂದಲೇ, ಒಳಿತು ಮಾಡಲು ಬಲ ಬೇಕೆಂಬ ಆಸೆಯ ಮೂಲಕವೇ ಉಂಗುರ ತನ್ನನ್ನು ಹಿಡಿಯುತ್ತದೆ ಎಂಬುದು ಅವನಿಗೆ ತಿಳಿದಿದೆ. ಉಂಗುರ ತೊಟ್ಟ ಗ್ಯಾಂಡಾಲ್ಫ್ ಸೌರಾನನಿಗಿಂತ ಕೆಟ್ಟವನಾಗುತ್ತಿದ್ದ, ಏಕೆಂದರೆ ಅವನು ಒಳಿತನ್ನೇ ಜನರಿಗೆ ಅಸಹ್ಯವಾಗುವಂತೆ ಮಾಡಿಬಿಡುತ್ತಿದ್ದ ಎಂಬ ಅರ್ಥದ ಮಾತನ್ನು ಟೋಲ್ಕಿನ್ 1963ರ ಒಂದು ಪತ್ರದ ಕರಡಿನಲ್ಲಿ ಬರೆದಿದ್ದಾರೆ. ಆಯುಧವನ್ನು ಬಳಸಬಹುದಿತ್ತಲ್ಲ ಎನ್ನುವವರು ಮೊದಲು ಎದುರಿಸಬೇಕಾದ ಮಾತು ಇದು.

ಬಳಸಬೇಕೆಂದು ಕಥೆಯೊಳಗೇ ವಾದಿಸಿದ ಬೊರೊಮಿರ್‌ನನ್ನು ಲೋಭಿಯೆಂದು ತಳ್ಳಿಹಾಕುವುದು ಅನ್ಯಾಯ. ಅವನು ಮಾರ್ಡಾರ್‌ನ ದಾಳಿಗೆ ಮೊದಲು ಎದೆಯೊಡ್ಡುವ ಗಾಂಡಾರ್‌ನ ದಂಡನಾಯಕ, ಅವನ ಕಣ್ಣೆದುರು ಅವನ ಜನ ಸಾಯುತ್ತಿದ್ದಾರೆ. ಎಲ್ರಾಂಡ್‌ನ ಸಭೆಯಲ್ಲಿ ಉಂಗುರದ ಅಪಾಯವನ್ನು ಅವನೂ ಎಲ್ಲರಂತೆ ಕೇಳಿದ. ಆದರೆ ಕೇಳಿದ್ದು ಮಾಹಿತಿಯಾಗಿ ಉಳಿಯಿತು, ನಂಬಿಕೆಯಾಗಲಿಲ್ಲ. ಅವನ ತಂದೆ ಡೆನೆಥಾರ್ ಮಗನಿಗಿಂತ ಸೂಕ್ಷ್ಮಮತಿ: ಉಂಗುರವನ್ನು ಬಳಸುವುದು ಬೇಡ, ತೀರ ಕೊನೆಯ ಗತಿ ಬಂದ ಹೊರತು ಮುಟ್ಟದಂತೆ ಆಳದಲ್ಲಿ ಬಚ್ಚಿಡೋಣ ಎನ್ನುತ್ತಾನೆ. ಕೊನೆಯ ಗತಿಯೆಂಬ ಆ ಒಂದು ಷರತ್ತಿನಲ್ಲೇ ಅವನ ಸೋಲು ಅಡಗಿದೆ ಎಂಬುದನ್ನು ಗ್ಯಾಂಡಾಲ್ಫ್ ಕೂಡಲೇ ಕಾಣುತ್ತಾನೆ. ಕಿರಿಯ ಮಗ ಫಾರಮಿರ್‌ಗೆ ಮಾತ್ರ ಬಹುಕಾಲ ಅದು ಏನೆಂಬುದೇ ತಿಳಿಯದು. ಇಸಿಲ್ದುರ್‌ಗೆ ಮುಳುವಾದ ಒಂದು ವಸ್ತುವೆಂದಷ್ಟೇ ಊಹಿಸಿ, ಅದು ಹೆದ್ದಾರಿಯಲ್ಲಿ ಬಿದ್ದಿದ್ದರೂ ತಾನು ಎತ್ತಿಕೊಳ್ಳುವುದಿಲ್ಲ ಎನ್ನುತ್ತಾನೆ. ಫ್ರೋಡೊನ ಜೊತೆಗಾರ ಸ್ಯಾಮ್ ಬಾಯಿತಪ್ಪಿ ಗುಟ್ಟು ಬಿಟ್ಟಮೇಲೂ ಆ ಮಾತಿಗೆ ಬದ್ಧನಾಗಿರುತ್ತಾನೆ. ಸಿನಿಮಾ ಇಲ್ಲಿ ಅವನನ್ನು ಕೆಲಕಾಲ ಆಸೆಗೆ ಬೀಳಿಸಿ ಹಾಬಿಟರನ್ನು ಆಸ್ಗಿಲಿಯಾತ್ ನಗರದವರೆಗೆ ಎಳೆದೊಯ್ಯುವಂತೆ ಮಾಡಿದೆ. ಕಡಿಮೆ ಬಲ್ಲವನು ಹೆಚ್ಚು ಬಲ್ಲವರಿಗಿಂತ ಸರಿಯಾಗಿ ನಡೆಯಬಲ್ಲ ಎಂಬ ಮೂಲದ ಅಪೂರ್ವ ಚಿತ್ರ ಈ ಬದಲಾವಣೆಯಿಂದ ಕಳೆದುಹೋಯಿತು, ಅದು ನಿಜವಾದ ನಷ್ಟ.

ಇವರೆಲ್ಲರಿಂದ ಬೇರೆಯಾಗಿ, ಹಳೆಯ ಕಾಡಿನ ನಿಗೂಢ ವ್ಯಕ್ತಿಯಾದ ಟಾಮ್ ಬಾಂಬಡಿಲ್‌ನ ಮೇಲೆ ಉಂಗುರ ಯಾವ ಪರಿಣಾಮವನ್ನೂ ಮಾಡುವುದಿಲ್ಲ. ಅವನಿಗೇ ಅದನ್ನು ಒಪ್ಪಿಸಬಹುದಿತ್ತಲ್ಲ ಎಂಬ ಪ್ರಶ್ನೆಗೆ ಸಭೆಯಲ್ಲೇ ಉತ್ತರವಿದೆ: ಅದರ ಮಹತ್ವ ಅವನ ಮನಸ್ಸಿಗೆ ಹತ್ತುವುದಿಲ್ಲವಾದ್ದರಿಂದ ಅವನು ಅದನ್ನು ಮರೆತು ಎಲ್ಲೋ ಎಸೆದುಬಿಡುತ್ತಾನೆ.

ಇನ್ನು ಉಂಗುರವನ್ನು ಮಾಡಿದವನ ಮಾತು. ಅದರ ಗುಣಗಳಲ್ಲಿ ಸೌರಾನನಿಗೆ ತಿಳಿಯದ್ದೇನೂ ಇಲ್ಲ. ಆದರೂ ಇಡೀ ಕಥನದಲ್ಲಿ ಅತಿ ದೊಡ್ಡ ಅಜ್ಞಾನ ಅವನದೇ. ಗೊಲ್ಲಮ್‌ನನ್ನು ಹಿಂಸಿಸಿ ಹಾಬಿಟರ ನಾಡಾದ ಶೈರ್ ಮತ್ತು ಬ್ಯಾಗಿನ್ಸ್ ಎಂಬ ಎರಡು ಹೆಸರುಗಳನ್ನು ಪಡೆದ ಅವನು, ಉಂಗುರ ಸಿಕ್ಕಿದವರು ಅದನ್ನು ತೊಟ್ಟು ತನಗೆ ಎದುರಾಗುತ್ತಾರೆ ಎಂದಷ್ಟೇ ಎಣಿಸಬಲ್ಲ, ಅಧಿಕಾರದ ಆಸೆಯಲ್ಲದೆ ಬೇರೆ ಅಳತೆಗೋಲು ಅವನ ಬಳಿ ಇಲ್ಲ. ಸಿಕ್ಕ ಅಧಿಕಾರವನ್ನು ನಾಶಮಾಡಲು ಯಾರಾದರೂ ಬಯಸಿಯಾರು ಎಂಬುದು ಅವನ ಊಹೆಗೂ ನಿಲುಕದು. ಎಲ್ರಾಂಡ್‌ನ ಸಭೆಯ ಯೋಜನೆಗೆ ಆಧಾರ ಈ ಒಂದು ಕುರುಡು. ಅರಗಾರ್ನ್ ದೂರದರ್ಶಕ ಸ್ಫಟಿಕವಾದ ಪಲಂತೀರ್‌ನಲ್ಲಿ ಸೌರಾನನಿಗೆ ತನ್ನನ್ನು ತೋರಿಸಿಕೊಂಡು ಇಸಿಲ್ದುರ್‌ನ ವಂಶದವನೆಂದು ಸಾರಿದ್ದು, ಆಮೇಲೆ ಸುಮಾರು 7000 ಜನರ ಪುಟ್ಟ ಸೈನ್ಯದೊಡನೆ ಮಾರ್ಡಾರ್‌ನ ಕಪ್ಪು ಬಾಗಿಲಿನತ್ತ ನಡೆದದ್ದು, ಎರಡೂ ಆ ಕುರುಡನ್ನು ಬಳಸಿಕೊಂಡ ನಡೆಗಳು. ಇಷ್ಟು ಸಣ್ಣ ದಂಡಿನೊಡನೆ ಬರುವ ಸೊಕ್ಕು ಉಂಗುರ ತೊಟ್ಟವನಿಗೆ ಮಾತ್ರ ಇರಲು ಸಾಧ್ಯ ಎಂದು ಸೌರಾನ್ ತನ್ನ ಅಳತೆಯಿಂದಲೇ ನಂಬಿದ. ಹದ್ದುಗಳ ಮೇಲೆ ಕುಳಿತು ಬೆಂಕಿಬೆಟ್ಟಕ್ಕೆ ಹಾರಬಹುದಿತ್ತಲ್ಲ ಎಂಬ ಪ್ರಶ್ನೆಗೂ ಇಲ್ಲಿಯೇ ಒಂದು ಉತ್ತರವಿದೆ: ಬಯಲಾದ ಆಕಾಶದಲ್ಲಿ ನೇರವಾಗಿ ಆ ಬೆಟ್ಟದತ್ತ ಹಾರುವ ಹದ್ದು, ಅವನಿಗೆ ಎಂದೂ ಹೊಳೆಯದಿದ್ದ ಸಂಗತಿಯನ್ನು ತಾನೇ ಹೇಳಿಕೊಟ್ಟಂತಾಗುತ್ತಿತ್ತು.

ತೋಟದ ಆಳಾದ ಸ್ಯಾಮ್‌ಗೆ ಈ ಚರಿತ್ರೆ ಅರ್ಧಂಬರ್ಧ ಗೊತ್ತು. ಒಡೆಯ ಸತ್ತನೆಂದು ನಂಬಿ ಅವನು ಉಂಗುರವನ್ನು ಹೊತ್ತ ಗಳಿಗೆಯಲ್ಲಿ ಅದು ಅವನಿಗೂ ಆಮಿಷ ಒಡ್ಡುತ್ತದೆ: ಖಡ್ಗ ಹಿಡಿದ ವೀರ ಸ್ಯಾಮ್, ಅವನ ಮಾತಿಗೆ ಹೂದೋಟವಾಗಿ ಅರಳುವ ಮಾರ್ಡಾರ್. ಒಡೆಯನ ಮೇಲಿನ ಪ್ರೀತಿ, ತನ್ನ ಕೈಯಿಂದ ಅಗೆಯಬಹುದಾದ ಒಂದು ಸಣ್ಣ ತೋಟವೇ ತನಗೆ ಸಾಕೆಂಬ ತಿಳಿವು ಇವೆರಡೂ ಅವನನ್ನು ಕಾಯುತ್ತವೆ. ಗೊಲ್ಲಮ್‌ಗೆ ಅಷ್ಟೂ ಇಲ್ಲ. ಐನೂರು ವರ್ಷಕ್ಕೆ ಸಮೀಪ ಉಂಗುರವನ್ನು ಇಟ್ಟುಕೊಂಡ ಅವನು ಅದನ್ನು ಪ್ರೀತಿಸಿದಷ್ಟೇ ದ್ವೇಷಿಸುತ್ತಾನೆ, ತನ್ನನ್ನು ಕಂಡಂತೆಯೇ.

ಫ್ರೋಡೊನ ಅರಿವು ಉಂಗುರವನ್ನು ಹೊತ್ತು ಬಂದ ಅರಿವು. ಉಂಗುರವಿದ್ದರೂ ಉಳಿದ ಉಂಗುರಧಾರಿಗಳ ಮನಸ್ಸು ತನಗೇಕೆ ಕಾಣುವುದಿಲ್ಲವೆಂದು ಅವನು ಗಲಾಡ್ರಿಯೆಲ್‌ಳನ್ನು ಕೇಳುತ್ತಾನೆ; ಅದಕ್ಕೆ ಇತರರ ಮೇಲೆ ಪ್ರಭುತ್ವ ನಡೆಸುವಂತೆ ಇಚ್ಛೆಯನ್ನು ಪಳಗಿಸಬೇಕು ಎಂದು ಆಕೆ ಎಚ್ಚರಿಸುತ್ತಾಳೆ. ದಾರಿ ಸವೆದಂತೆ ಆ ಪಳಗುವಿಕೆ ಅವನು ಬೇಡದೆಯೂ ಅವನೊಳಗೆ ಬೆಳೆಯುತ್ತದೆ. ಉಂಗುರದ ಮೇಲೆ ಆಣೆಯಿಡಲು ಬಂದ ಗೊಲ್ಲಮ್‌ಗೆ, ಅದು ಆಣೆಯನ್ನೇ ತಿರುಚಿ ಅವನ ಮೇಲೆ ತಿರುಗೀತೆಂದು ಫ್ರೋಡೊ ಹೇಳುವಾಗ, ಮಾತು ಕರುಣೆಯದ್ದೋ ಒಡೆತನದ್ದೋ ಎಂದು ಬೇರ್ಪಡಿಸುವುದು ಕಷ್ಟ. ಬೆಂಕಿಬೆಟ್ಟದ ಒಡಲಲ್ಲಿ ಅವನು ಉಂಗುರವನ್ನು ಬಿಡಲಾರದೆ ತನ್ನದೆಂದು ಸಾರಿದ್ದನ್ನು ಸೋಲೆಂದು ಎಣಿಸುವವರು ಎರಡನೆಯ ಅಧ್ಯಾಯಕ್ಕೆ ಮರಳಬೇಕೆಂಬುದು ಈ ಪತ್ರದ ವಿನಂತಿ. ಸುರಕ್ಷಿತವಾದ ತನ್ನ ಮನೆಯಲ್ಲಿ, ಸಾಮಾನ್ಯ ಒಲೆಯ ಮುಂದೆ, ಉಂಗುರವನ್ನು ಎಸೆಯಲು ಹೋದ ಫ್ರೋಡೊ ತನಗರಿವಿಲ್ಲದೆಯೇ ಅದನ್ನು ಮತ್ತೆ ಜೇಬಿಗೆ ಸೇರಿಸಿರುತ್ತಾನೆ. ಬಿಡುವುದು ಅವನಿಗೆ ಅಂದೇ ಕಷ್ಟವಾಗಿದೆ ಎಂಬುದನ್ನು ಗ್ಯಾಂಡಾಲ್ಫ್ ಅಲ್ಲಿಯೇ ಕಾಣುತ್ತಾನೆ. ಗೊಲ್ಲಮ್‌ಗೂ ಕೊನೆಗೆ ಏನೋ ಒಂದು ಪಾತ್ರವಿದೆಯೆಂದು ತನ್ನ ಮನಸ್ಸು ಹೇಳುತ್ತಿದೆ ಎಂದು ಅವನು ಸೇರಿಸುವುದೂ ಅದೇ ಮಾತುಕತೆಯಲ್ಲಿ. ಆ ಕೊನೆಯ ಗಳಿಗೆಯ ಒತ್ತಡವನ್ನು ತಡೆಯುವುದು ಯಾರಿಂದಲೂ ಆಗದ ಕೆಲಸ, ಫ್ರೋಡೊನದು ನೈತಿಕ ಸೋಲಲ್ಲ, ಅವನು ತನ್ನ ಶಕ್ತಿ ಮೀರಿ ಉಂಗುರವನ್ನು ಅಲ್ಲಿಯವರೆಗೆ ತಂದ ಎಂದು 1963ರ ಅದೇ ಕರಡಿನಲ್ಲಿ ಟೋಲ್ಕಿನ್ ವಿವರಿಸಿದ್ದಾರೆ. ಅವನು ಗೊಲ್ಲಮ್‌ಗೆ ತೋರಿದ ಕರುಣೆಯಿಂದ ಬದುಕುಳಿದ ಗೊಲ್ಲಮ್ ಉಂಗುರವನ್ನು ನಾಶಮಾಡುವ ಉಳಿದ ಕೆಲಸವನ್ನು, ಬಯಸದೆಯೇ, ಮುಗಿಸಿದ.

ಇಂತಿ,
ತಮ್ಮ ಚರ್ಚೆಗಳನ್ನು ಗೌರವದಿಂದ ಕೇಳುವ ಒಬ್ಬ ಓದುಗ